ಆಸ್ಪತ್ರೆಯಲ್ಲಿರುವ ಅಜ್ಜನನ್ನು ನೋಡಲು ಮಗುವನ್ನು ಕರೆದೊಯ್ಯಬಹುದೇ?

ಸಂಜೆ ಭೇಟಿಯ ಹೊತ್ತಿಗೆ ದಾವಣಗೆರೆಯ ಯಾವುದೇ ದೊಡ್ಡ ಆಸ್ಪತ್ರೆಯ ಗೇಟಿನ ಬಳಿ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸಣ್ಣ ಹುಡುಗ್ರನ್ನ ಒಳಗೆ ಬಿಡಂಗಿಲ್ಲಮ್ಮ." ಎದುರಿಗೆ ನಿಂತವರು ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಹರಪನಹಳ್ಳಿ ಕಡೆಯಿಂದಲೋ ಬಸ್ಸು ಹತ್ತಿ ಬಂದಿರುತ್ತಾರೆ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾದರೆ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರಿನವರು. ಮಗುವನ್ನು ಮನೆಯಲ್ಲಿ ಬಿಟ್ಟು ಬರೋಣವೆಂದರೆ ನೋಡಿಕೊಳ್ಳುವ ಅಜ್ಜಿಯೇ ಒಳಗೆ ಮಲಗಿದ್ದಾಳೆ. ಮಳೆಗಾಲದಲ್ಲಿ ಡೆಂಗಿ, ವೈರಲ್ ಜ್ವರದ ರೋಗಿಗಳು ತುಂಬಿಕೊಂಡಾಗ, ಹೆದ್ದಾರಿಯಲ್ಲಿ ಅಪಘಾತವಾಗಿ ಮನೆಯ ಯಜಮಾನನೇ ಐಸಿಯು ಸೇರಿದಾಗ, ಈ ಪ್ರಶ್ನೆ ಯೋಚಿಸಲು ಪುರಸೊತ್ತಿಲ್ಲದ ಹೊತ್ತಿನಲ್ಲಿ ಎದುರಾಗುತ್ತದೆ.

ಇದಕ್ಕೆ "ಹೌದು" ಅಥವಾ "ಬೇಡ" ಎಂಬ ಒಂದೇ ಉತ್ತರ ಇಲ್ಲ. ಮಗುವಿನ ವಯಸ್ಸನ್ನು ಮಾತ್ರ ನೋಡಿ ತೀರ್ಮಾನಿಸುವುದೂ ಸಾಲದು. ರೋಗಿ ಯಾವ ವಾರ್ಡಿನಲ್ಲಿದ್ದಾರೆ, ಮಗು ಈಗ ಆರೋಗ್ಯವಾಗಿದೆಯೇ, ಒಳಗೆ ಏನು ಕಾಣಿಸುತ್ತದೆ ಎಂಬುದು ಮಗುವಿಗೆ ಮೊದಲೇ ಗೊತ್ತೇ? ಈ ಮೂರೂ ಸೇರಿ ಉತ್ತರ ಕೊಡುತ್ತವೆ.

ತಡೆಯುವುದು ಯಾಕೆ?

ಮನೆಯಲ್ಲಿ ಇಲ್ಲದ ರೋಗಾಣುಗಳು ಆಸ್ಪತ್ರೆಯಲ್ಲಿ ಇರುತ್ತವೆ. ದಾಖಲಾಗುವಾಗ ಇಲ್ಲದ ಸೋಂಕು, ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ ವೈದ್ಯರು ಅದನ್ನು ಆಸ್ಪತ್ರೆಯಲ್ಲಿ ಅಂಟಿದ ಸೋಂಕು ಎಂದು ಲೆಕ್ಕ ಹಾಕುತ್ತಾರೆ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯುಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಇದಕ್ಕೆ ಹೆಸರಾದವು. ಇವುಗಳಲ್ಲಿ ಹಲವಕ್ಕೆ ಸಾಮಾನ್ಯ ಆಂಟಿಬಯೋಟಿಕ್ ನಾಟುವುದಿಲ್ಲ. ಮೆಕ್ಕೆಜೋಳದ ಹೊಲಕ್ಕೆ ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದರೆ ಕೊನೆಗೆ ಅದಕ್ಕೆ ಸಾಯದ ಹುಳುಗಳಷ್ಟೇ ಉಳಿದು ಮರಿ ಹಾಕುತ್ತವಲ್ಲ, ಇದೂ ಹಾಗೆಯೇ. ಆರೋಗ್ಯವಂತ ಮಗು ಹತ್ತು ನಿಮಿಷ ವಾರ್ಡಿನಲ್ಲಿದ್ದ ಮಾತ್ರಕ್ಕೆ ಈ ಬ್ಯಾಕ್ಟೀರಿಯಾಗಳಿಂದ ಕಾಯಿಲೆ ಬೀಳುವುದು ಅಪರೂಪ. ಅವು ಮುಖ್ಯವಾಗಿ ಕಾಡುವುದು ಗಾಯ, ಟ್ಯೂಬು, ಕ್ಯಾತಿಟರ್ (ಮೂತ್ರ ಹೊರತರುವ ನಳಿಕೆ) ಇರುವವರನ್ನು. ಆದರೆ ಒಂದು ಮಂಚದ ಕಂಬಿ ಮುಟ್ಟಿದ ಕೈ ಪಕ್ಕದ ಮಂಚವನ್ನೂ ಮುಟ್ಟಿದರೆ, ಬ್ಯಾಕ್ಟೀರಿಯಾ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುತ್ತದೆ. ಎರಡು ವರ್ಷದ ಮಗು ಸುಮ್ಮನೆ ಒಂದು ಕಡೆ ನಿಲ್ಲುವುದಿಲ್ಲ ಎಂಬುದು ಗೇಟಿನಲ್ಲಿರುವವರಿಗೆ ಚೆನ್ನಾಗಿ ಗೊತ್ತು.

ಮಗುವಿಗೆ ನಿಜವಾಗಿ ಅಂಟುವ ಸಾಧ್ಯತೆ ಇರುವುದು ಗಾಳಿ, ಕೆಮ್ಮು, ಕೈಗಳಿಂದ ಹರಡುವ ಮಾಮೂಲಿ ಕಾಯಿಲೆಗಳು: ಫ್ಲೂ, ದಡಾರ, ಸೀತಾಳೆ ಸಿಡುಬು, ವಾಂತಿಭೇದಿ, ಕ್ಷಯ.

ವಯಸ್ಸು ಎಷ್ಟರ ಮಟ್ಟಿಗೆ ಮುಖ್ಯ?

ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಅಂಶಗಳು ಮಗುವಿಗೆ ಹೋಗುತ್ತವೆ. ಹುಟ್ಟಿದ ಮೇಲೆ ಅವು ತಿಂಗಳು ತಿಂಗಳಿಗೂ ಕರಗುತ್ತಾ ಆರು ತಿಂಗಳ ಹೊತ್ತಿಗೆ ಬಹುಪಾಲು ಮುಗಿದಿರುತ್ತವೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಮೊದಲೇ ಕಡಿಮೆ ಸಿಕ್ಕಿರುತ್ತದೆ. ಎದೆಹಾಲು ಒಂದಷ್ಟು ಆಸರೆ ಕೊಡುತ್ತದೆ, ಪೂರ್ತಿ ಅಲ್ಲ. ಸರ್ಕಾರಿ ವೇಳಾಪಟ್ಟಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಬರುವುದೇ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಸೀತಾಳೆ ಸಿಡುಬಿನ ಲಸಿಕೆ ಆ ಪಟ್ಟಿಯಲ್ಲಿಲ್ಲ, ಬೇಕಾದವರು ಖಾಸಗಿಯಾಗಿ ಹಾಕಿಸಬೇಕು.

ಹಾಗಾಗಿ ಒಂದು ವರ್ಷದೊಳಗಿನ ಕೂಸನ್ನು, ತಾಯಿಯೇ ರೋಗಿಯಾಗಿದ್ದು ಹಾಲುಣಿಸಬೇಕಾದ ಸಂದರ್ಭ ಬಿಟ್ಟರೆ, ವಾರ್ಡಿಗೆ ಒಯ್ಯುವುದರಲ್ಲಿ ಯಾರಿಗೂ ಲಾಭವಿಲ್ಲ. ಕೂಸಿಗೆ ಅಜ್ಜ ಎಲ್ಲಿದ್ದಾನೆಂದು ತಿಳಿಯುವುದಿಲ್ಲ. ಅಜ್ಜನಿಗೆ ಮೊಮ್ಮಗುವಿನ ಮುಖ ವಿಡಿಯೋ ಕಾಲ್‌ನಲ್ಲೂ ಕಾಣುತ್ತದೆ.

ಒಂದರಿಂದ ಮೂರು ವರ್ಷದವರದು ಬೇರೆ ತಾಪತ್ರಯ. ಕಂಡದ್ದೆಲ್ಲ ಮುಟ್ಟಬೇಕು, ಮುಟ್ಟಿದ ಕೈ ಬಾಯಿಗೆ ಹೋಗಬೇಕು. ನಾಲ್ಕು ದಾಟಿದ ಮಗು ಹೇಳಿದ್ದನ್ನು ಕೇಳುತ್ತದೆ, ಕೈ ತೊಳೆಯುತ್ತದೆ, ಪ್ರಶ್ನೆ ಕೇಳುತ್ತದೆ. ಏಳೆಂಟು ವರ್ಷದ ಮಗುವನ್ನು ಸಾಮಾನ್ಯ ವಾರ್ಡಿಗೆ ಕರೆದೊಯ್ಯಬಾರದು ಎನ್ನಲು ವೈದ್ಯಕೀಯವಾಗಿ ಗಟ್ಟಿ ಕಾರಣವಿಲ್ಲ. ಹಲವು ಆಸ್ಪತ್ರೆಗಳ ಬೋರ್ಡಿನಲ್ಲಿ ಕಾಣುವ "12 ವರ್ಷದೊಳಗಿನವರಿಗೆ ಪ್ರವೇಶವಿಲ್ಲ" ಎಂಬ ಸಾಲು ಜನಜಂಗುಳಿ ತಡೆಯಲು ಎಳೆದ ಗೆರೆ. ಹನ್ನೆರಡು ತುಂಬಿದ ದಿನ ದೇಹದಲ್ಲಿ ಹೊಸದೇನೂ ಆಗುವುದಿಲ್ಲ.

ಯಾವ ವಾರ್ಡು?

ಮನೆಯವರು ಸಾಮಾನ್ಯವಾಗಿ ರೋಗಿಯ ಕಾಯಿಲೆಯ ಬಗ್ಗೆ ಮಾತ್ರ ಯೋಚಿಸುತ್ತಾರೆ. "ಅಜ್ಜನಿಗೆ ಹಾರ್ಟು, ಅದು ಅಂಟೋದಲ್ಲ" ಎನ್ನುತ್ತಾರೆ. ಸರಿಯೇ. ಆದರೆ ಅಜ್ಜ ಇರುವುದು ಜನರಲ್ ಮೆಡಿಸಿನ್ ವಾರ್ಡಿನಲ್ಲಾದರೆ, ಎರಡು ಮಂಚದಾಚೆ ಕೆಮ್ಮುತ್ತಿರುವವರಿಗೆ ಏನಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂಳೆ ವಿಭಾಗ, ಸರ್ಜರಿ ವಾರ್ಡು, ಕಣ್ಣಿನ ವಾರ್ಡು: ಕಾಲು ಮುರಿದವರು, ಹರ್ನಿಯಾ, ಅಪೆಂಡಿಕ್ಸ್, ಪೊರೆ ಆಪರೇಷನ್ ಆದವರು ಇರುವ ಕಡೆ ಮಗುವಿಗೆ ಅಪಾಯ ಕಡಿಮೆ. ಇಲ್ಲಿ ಎಚ್ಚರ ಬೇಕಾದದ್ದು ರೋಗಿಯ ಗಾಯದ ಬಗ್ಗೆ. ಹೊಟ್ಟೆಗೆ ಹೊಲಿಗೆ ಬಿದ್ದವರ ಮಂಚದ ಮೇಲೆ ಮಗು ಹತ್ತಿ ಕುಣಿಯಬಾರದು.

ಮೆಡಿಸಿನ್ ವಾರ್ಡಿಗೆ ಹೋಗುವ ಮುಂಚೆ ಅಲ್ಲಿನ ಸಿಸ್ಟರ್‌ಗೆ ಒಂದೇ ಪ್ರಶ್ನೆ ಕೇಳಿ: "ಈ ವಾರ್ಡಿನಲ್ಲಿ ಕೆಮ್ಮಿನಿಂದ, ಗಾಳಿಯಿಂದ ಹರಡುವ ಕಾಯಿಲೆಯವರು ಯಾರಾದರೂ ಇದ್ದಾರಾ?" ಯಾರೆಂದು ಅವರು ಹೇಳಲಾರರು, ಹೇಳಬಾರದು. "ಈಗ ಬೇಡ" ಎಂದು ಹೇಳಬಲ್ಲರು, ಅಷ್ಟು ಸಾಕು. ಡೆಂಗಿ ರೋಗಿಯಿಂದ ಮುಟ್ಟಿದರೆ, ಪಕ್ಕ ಕೂತರೆ ಅಂಟುವುದಿಲ್ಲ. ಅದು ಬರಬೇಕಾದರೆ ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆ ವೈರಾಣು ತನ್ನೊಳಗೆ ಬೆಳೆದ ಮೇಲೆ, ಕೆಲವು ದಿನ ಬಿಟ್ಟು, ಮಗುವನ್ನು ಕಚ್ಚಬೇಕು. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಹಗಲು ಹೊತ್ತಿನ ಭೇಟಿಗೂ ಮಗುವಿಗೆ ತುಂಬು ತೋಳಿನ ಅಂಗಿ, ಪ್ಯಾಂಟು ಹಾಕಿ. ಹಾವು ಕಚ್ಚಿದವರು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಂದ ಏನೂ ಹರಡುವುದಿಲ್ಲ. ಟೈಫಾಯ್ಡ್, ಕಾಮಾಲೆಯ ಒಂದು ಬಗೆ ಹರಡುವುದು ಮಲದಿಂದ ಕೈಗೆ, ಕೈಯಿಂದ ಬಾಯಿಗೆ. ರೋಗಿಯ ತಟ್ಟೆ, ಲೋಟದಲ್ಲಿ ಮಗುವಿಗೆ ಏನೂ ಕೊಡದೆ, ಸೋಪು ಹಾಕಿ ಕೈ ತೊಳೆಸಿದರೆ ಆಯಿತು.

ಕ್ಷಯ ಬೇರೆಯೇ ಮಾತು. ಶ್ವಾಸಕೋಶದ ಕ್ಷಯ ಗಾಳಿಯಲ್ಲಿ ಹರಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಅಂಟಿದರೆ ಅದು ಮಿದುಳಿನ ಪೊರೆಗೋ ಇಡೀ ದೇಹಕ್ಕೋ ಹಬ್ಬುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಈ ತೀವ್ರ ರೂಪಗಳಿಂದ ಬಹುಮಟ್ಟಿಗೆ ಕಾಪಾಡುತ್ತದೆ, ಸೋಂಕು ತಗಲುವುದನ್ನೇ ಪೂರ್ತಿ ತಡೆಯುವುದಿಲ್ಲ. ಮಾಮೂಲಿ ಔಷಧಿಗೆ ಬಗ್ಗುವ ಕ್ಷಯವಾದರೆ ಸರಿಯಾಗಿ ಮಾತ್ರೆ ಶುರುವಾಗಿ ಸುಮಾರು ಎರಡು ವಾರಕ್ಕೆ ಹರಡುವ ಗುಣ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ಮಗುವನ್ನು ಕರೆತರಬೇಡಿ. ಔಷಧಿಗೆ ಬಗ್ಗದ ಕ್ಷಯವಾದರೆ ಎಷ್ಟು ದಿನ ದೂರವಿರಬೇಕೆಂದು ವೈದ್ಯರೇ ಹೇಳಬೇಕು. ಒಂದು ಮನೆಯಲ್ಲೇ ಇದ್ದ ಐದು ವರ್ಷದೊಳಗಿನ ಮಗುವಿಗೆ ಭೇಟಿಯ ಪ್ರಶ್ನೆಗಿಂತ ಮೊದಲು ತಪಾಸಣೆಯಾಗಬೇಕು. ಕ್ಷಯ ಇಲ್ಲವೆಂದು ಖಚಿತವಾದ ಮೇಲೆ ತಡೆಗಟ್ಟುವ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಸರ್ಪಸುತ್ತು ಆದವರ ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಆಗಿರದ ಅಥವಾ ಅದರ ಲಸಿಕೆ ಹಾಕಿಸಿರದ ಮಗುವಿಗೆ ಬರುವುದು ಸರ್ಪಸುತ್ತಲ್ಲ, ಸೀತಾಳೆ ಸಿಡುಬು. ಎರಡರ ವೈರಾಣುವೂ ಒಂದೇ.

ಬಹಳ ಜನ ಊಹಿಸದ ಸಂಗತಿಯೊಂದಿದೆ. ಸಣ್ಣ ಮಗುವಿಗೆ ಸೋಂಕು ತಗಲುವ ಭಯ ಹೆಚ್ಚಿರುವ ಸಾಮಾನ್ಯ ವಾರ್ಡು ಎಂದರೆ ಮಕ್ಕಳ ವಾರ್ಡೇ. ಉಬ್ಬಸ, ಭೇದಿ, ಜ್ವರ ಎಂದು ಅಲ್ಲಿ ಸೇರಿರುವವರೆಲ್ಲ ಇದೇ ವಯಸ್ಸಿನವರು, ಇದೇ ವಯಸ್ಸಿಗೆ ಸುಲಭವಾಗಿ ಅಂಟುವ ವೈರಾಣು ಹೊತ್ತವರು. ತಂಗಿಗೆ ಹುಷಾರಿಲ್ಲವೆಂದು ಅಣ್ಣನನ್ನು ಕರೆತಂದು ಅವಳ ಮಂಚದಲ್ಲೇ ಮಲಗಿಸುವುದು ನಮ್ಮಲ್ಲಿ ಮಾಮೂಲು. ತಾಯಿ ರಾತ್ರಿ ಅಲ್ಲೇ ಉಳಿಯಬೇಕಾಗಿ ಬಂದಾಗ ಬೇರೆ ದಾರಿ ಇರುವುದಿಲ್ಲ ನಿಜ. ಕನಿಷ್ಠ ಇಬ್ಬರ ಹಾಲಿನ ಲೋಟ, ಟವೆಲು, ಆಟದ ಸಾಮಾನು ಬೇರೆ ಇರಲಿ.

ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬಂದವರ ಮೈಯಿಂದ ವಿಕಿರಣ ಬರುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಬರುವುದಿಲ್ಲ, ಯಂತ್ರ ನಿಂತ ಕ್ಷಣ ವಿಕಿರಣವೂ ಮುಗಿಯಿತು. ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಕುಡಿದು ಬಂದವರ ಮಾತು ಬೇರೆ. ಅವರು ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು.

ಮಗುವಿನಿಂದ ರೋಗಿಗೆ ಬರುವುದು

ಮಗುವಿಗೆ ಏನಾದೀತೋ ಎಂದು ಎಲ್ಲರೂ ಚಿಂತಿಸುತ್ತಾರೆ. ಎಷ್ಟೋ ಸಲ ತೊಂದರೆ ಆಗುವುದು ರೋಗಿಗೆ. ಅಂಗನವಾಡಿಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಫ್ಲೂ ಬಂದ ದೊಡ್ಡವರು ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು ಐದರಿಂದ ಏಳು ದಿನ ವೈರಾಣು ಹರಡಿದರೆ ಮಕ್ಕಳು ಇನ್ನೂ ಹೆಚ್ಚು ದಿನ ಹರಡುತ್ತಾರೆ. ಮಗುವಿಗೆ ಮೂಗು ಸೋರಿದ್ದಷ್ಟೇ ಆಗಿದ್ದು, ಉಬ್ಬಸದ ಅಜ್ಜನಿಗೆ ನ್ಯುಮೋನಿಯಾ ಆಗಬಹುದು.

ಕ್ಯಾನ್ಸರಿಗೆ ಕಿಮೋ ತೆಗೆದುಕೊಂಡವರಲ್ಲಿ ಇದು ಇನ್ನೂ ಸೂಕ್ಷ್ಮ. ಹೆಚ್ಚಿನ ಕಿಮೋ ಔಷಧಿಗಳಲ್ಲಿ, ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆ ವಾರ ಮೊಮ್ಮಕ್ಕಳ ಭೇಟಿ ಬೇಡ. ಕಿಮೋ ಆದ ಮೊದಲ 48 ಗಂಟೆ ಔಷಧಿಯ ಅಂಶ ಮೂತ್ರ, ವಾಂತಿಯಲ್ಲಿ ಹೊರಬರುವುದರಿಂದ ಅವರು ಬಳಸಿದ ಶೌಚಾಲಯಕ್ಕೆ ಮಗುವನ್ನು ಕಳಿಸಬೇಡಿ.

ಮಗುವಿಗೆ ಈ ಕೆಳಗಿನ ಯಾವುದಿದ್ದರೂ ಅವತ್ತಿನ ಭೇಟಿಯನ್ನು ಮುಂದೂಡಿ:

- ಜ್ವರ ಇದೆ, ಅಥವಾ ಮಾತ್ರೆ-ಸಿರಪ್ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆಗಿಲ್ಲ
- ಕೆಮ್ಮು, ನೆಗಡಿ, ಗಂಟಲು ನೋವು, ಕಣ್ಣು ಕೆಂಪು
- ವಾಂತಿ ಅಥವಾ ಭೇದಿ ನಿಂತು 48 ಗಂಟೆ ಕಳೆದಿಲ್ಲ
- ಮೈಮೇಲೆ ದದ್ದು, ಅಂಗೈ-ಅಂಗಾಲು-ಬಾಯಲ್ಲಿ ಗುಳ್ಳೆ
- ಸೀತಾಳೆ ಸಿಡುಬು ಅಥವಾ ದಡಾರ ಆದವರ ಜೊತೆ ಮೂರು ವಾರದೊಳಗೆ ಮಗು ಇತ್ತು, ಅದಕ್ಕೆ ಆ ಕಾಯಿಲೆ ಆಗಿಲ್ಲ, ಲಸಿಕೆಯೂ ಆಗಿಲ್ಲ

ಕೊನೆಯದನ್ನು ಜನ ಮರೆಯುತ್ತಾರೆ. ಸೀತಾಳೆ ಸಿಡುಬು ತಗಲಿದ 10ರಿಂದ 21 ದಿನದ ನಡುವೆ ಹೊರಬೀಳುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಮಗು ಅದನ್ನು ಹರಡುತ್ತಿರುತ್ತದೆ. "ಅಮ್ಮ ಆಗಿದ್ದು ಪಕ್ಕದ ಮನೆಯ ಹುಡುಗಿಗೆ, ನಮ್ಮವನು ಚೆನ್ನಾಗಿದಾನೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಕರೆದೊಯ್ಯದೇ ಇದ್ದರೆ?

ಅದಕ್ಕೂ ಬೆಲೆ ತೆರಬೇಕಾಗುತ್ತದೆ. ದಿನಾ ಜೊತೆಗೆ ಮಲಗುತ್ತಿದ್ದ ಅಜ್ಜಿ ಒಂದು ರಾತ್ರಿ ಆಂಬುಲೆನ್ಸಿನಲ್ಲಿ ಹೋದವಳು ಬರಲೇ ಇಲ್ಲ, ಮನೆಯಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ, ಕೇಳಿದರೆ "ಊರಿಗೆ ಹೋಗಿದಾಳೆ" ಎನ್ನುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳು ಕಾರಣ ಗೊತ್ತಾಗದ ಘಟನೆಗೆ ತಾವೇ ಕಾರಣ ಎಂದುಕೊಳ್ಳುವುದುಂಟು: "ನಾನು ಗಲಾಟೆ ಮಾಡಿದ್ದಕ್ಕೆ ಅಜ್ಜಿಗೆ ಹಿಂಗಾಯ್ತು." ಹೊರಗೆ ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಊಟ ಬಿಡುವುದು, ಅಮ್ಮನ ಸೆರಗು ಬಿಡದಿರುವುದು ಇವುಗಳಲ್ಲಿ ಅದು ಕಾಣುತ್ತದೆ. ಇಂಥ ಮಗುವಿಗೆ ಐದು ನಿಮಿಷ ಅಜ್ಜಿಯನ್ನು ಕಣ್ಣಾರೆ ನೋಡುವುದು ನೂರು ಸಮಾಧಾನದ ಮಾತಿಗಿಂತ ಹೆಚ್ಚು. ಕಲ್ಪನೆಯಲ್ಲಿ ಬೆಳೆಯುವ ಆಸ್ಪತ್ರೆ ನಿಜವಾದ ಆಸ್ಪತ್ರೆಗಿಂತ ಭಯಂಕರವಾಗಿರುತ್ತದೆ.

ತಂದೆ ಅಥವಾ ತಾಯಿಯೇ ವಾರಗಟ್ಟಲೆ ಒಳಗಿದ್ದರೆ, ಅಥವಾ ಉಳಿಯುವುದು ಅನುಮಾನ ಎಂದು ವೈದ್ಯರು ಹೇಳಿದ್ದರೆ, ತೂಕ ಭೇಟಿಯ ಕಡೆಗೇ ಹೆಚ್ಚು. ಐಸಿಯುಗೆ ಆರೋಗ್ಯವಂತ ಮಕ್ಕಳು ಬಂದುಹೋಗುವುದರಿಂದ ಅಲ್ಲಿ ಸೋಂಕು ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕೆಲವು ದೇಶಗಳ ಐಸಿಯುಗಳಲ್ಲಿ ದೊಡ್ಡವರೊಬ್ಬರ ಜೊತೆ ಮಕ್ಕಳನ್ನು ಬಿಡುವುದು ರೂಢಿಯಲ್ಲೇ ಇದೆ.

ಹೋಗುವ ಮುನ್ನ ಮಗುವಿಗೆ ಏನು ಹೇಳಬೇಕು?

ಹಿಂದಿನ ದಿನವೋ ಅವತ್ತು ಬೆಳಿಗ್ಗೆಯೋ ಹೇಳಿ. ವಾರದ ಮೊದಲೇ ಹೇಳಿದರೆ ಸಣ್ಣ ಮಗು ವಾರವಿಡೀ ಅದನ್ನೇ ಕೆದಕುತ್ತದೆ, ಗೇಟಿನ ಹತ್ತಿರ ಹೇಳಿದರೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ರೋಗಿಯ ಜೊತೆಗಿರುವವರು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಳಿಸಲಿ. ರೋಗಿಗೆ ಅಭ್ಯಂತರ ಇರಬಾರದು, ಪಕ್ಕದ ಮಂಚದವರು ಚಿತ್ರದಲ್ಲಿ ಬರಬಾರದು. ಫೋಟೋ ತೋರಿಸುತ್ತಾ ಕಾಣುವುದನ್ನು ಕಂಡ ಹಾಗೇ ಹೇಳಿ:

"ಅಜ್ಜನ ಕೈಗೆ ಸಣ್ಣ ಪೈಪು ಹಾಕಿದಾರೆ. ಮೇಲೆ ನೇತುಹಾಕಿರೋ ಬಾಟ್ಲಿಯಿಂದ ಔಷಧಿ ಅದರಲ್ಲಿ ಬರುತ್ತೆ. ಮೂಗಿಗೆ ಹಾಕಿರೋದು ಉಸಿರಾಡೋಕೆ ಸುಲಭ ಆಗಲಿ ಅಂತ. ಕೆಳಗಿರೋ ಚೀಲದಲ್ಲಿ ಉಚ್ಚೆ ಸೇರುತ್ತೆ, ಅಜ್ಜ ಎದ್ದು ಹೋಗೋ ಹಾಗಿಲ್ಲ ಅದಕ್ಕೆ. ಪಕ್ಕದ ಟಿವಿ ಥರದ್ದು ಬೀಪ್ ಬೀಪ್ ಅನ್ನುತ್ತೆ, ಅದು ಅಜ್ಜನ ಎದೆ ಬಡಿತ ಎಣಿಸ್ತಾ ಇರುತ್ತೆ."

ಐಸಿಯು ಆದರೆ ಇನ್ನೆರಡು ಮಾತು ಸೇರಿಸಲೇಬೇಕು. ವೆಂಟಿಲೇಟರ್ ಹಾಕಿದವರ ಬಾಯಿಂದ ಗಂಟಲಿಗೆ ಟ್ಯೂಬು ಹೋಗಿರುವುದರಿಂದ ಅವರು ಮಾತಾಡಲಾರರು. ಮಂಪರಿನ ಔಷಧಿ ಕೊಟ್ಟಿರುವುದರಿಂದ ಕಣ್ಣೂ ತೆರೆಯದಿರಬಹುದು. ಮಗುವಿನ ಮೇಲೆ ಸಿಟ್ಟಿನಿಂದ ಅಲ್ಲ ಎಂದು ಬಿಡಿಸಿ ಹೇಳಿ. ಎರಡನೆಯದು, ಟ್ಯೂಬನ್ನು ನಿದ್ದೆಗಣ್ಣಿನಲ್ಲಿ ಕಿತ್ತುಕೊಳ್ಳದಿರಲಿ ಎಂದು ಕೆಲವೊಮ್ಮೆ ಕೈಗಳನ್ನು ಮೆತ್ತನೆ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿರುತ್ತಾರೆ. ಮೊದಲೇ ಹೇಳದಿದ್ದರೆ ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಮುಖ ಊದಿಕೊಂಡು ಗುರುತೇ ಸಿಗದ ಹಾಗಿದ್ದರೆ ಒಂದೆರಡು ದಿನ ಕಾದು ನೋಡುವುದು ಒಳ್ಳೆಯದು.

ಮೂರು ಮಾತು ಆಡಬೇಡಿ. "ಅಜ್ಜ ನಾಳೆ ಬರ್ತಾನೆ" ಎಂಬ ಖಾತ್ರಿ ಇಲ್ಲದ ಭರವಸೆ. "ಗಲಾಟೆ ಮಾಡಿದ್ರೆ ನಿಂಗೂ ಇಂಜೆಕ್ಷನ್ ಹಾಕಿಸ್ತೀನಿ" ಎಂಬ ಬೆದರಿಕೆ. ತೀರಿಕೊಂಡವರ ಬಗ್ಗೆ "ಮಲಗಿದಾರೆ" ಎನ್ನುವುದು. ಸಣ್ಣ ಮಗು ಮಾತನ್ನು ಅಕ್ಷರಶಃ ನಂಬುತ್ತದೆ, ಆಮೇಲೆ ತಾನು ಮಲಗಲು ಹೆದರುತ್ತದೆ.

ಎಲ್ಲ ಹೇಳಿದ ಮೇಲೆ "ಬರ್ತೀಯಾ?" ಎಂದು ಕೇಳಿ. ಬೇಡ ಎಂದರೆ ಬಿಡಿ. ಒಂದು ಚಿತ್ರ ಬರೆದುಕೊಟ್ಟು ಕಳಿಸಲಿ, ಅಜ್ಜನ ಮಂಚದ ಪಕ್ಕ ಅಂಟಿಸಬಹುದು.

ಒಳಗಿನ ಹತ್ತು ನಿಮಿಷ

ಮನೆಯಿಂದ ಹೊರಡುವಾಗಲೇ ಮಗುವಿಗೆ ಊಟ, ಶೌಚ ಮುಗಿದಿರಲಿ. ವಾರ್ಡಿನಲ್ಲಿ ತಿನ್ನುವಂತಿಲ್ಲ, ಅಜ್ಜಿಗೆ ತಂದ ಬ್ರೆಡ್ಡಿನ ತುಂಡನ್ನೂ. (ತರುವ ಮಾತು ಬಂತೆಂದು ಹೇಳುವುದು: ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಕೇಳದೆ ಕೊಡಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಅವರ ಹೃದಯದ ಬಡಿತವನ್ನೇ ಕೆಡಿಸಬಲ್ಲದು.) ಬರಿಗಾಲು ಬೇಡ, ಚಪ್ಪಲಿ ಇರಲಿ. ಆಟದ ಸಾಮಾನು ತಂದರೆ ತೊಳೆಯಲು ಬರುವಂಥದ್ದು ಒಂದು ಸಾಕು. ಬಟ್ಟೆಯ ಗೊಂಬೆ ಬೇಡ.

ದೊಡ್ಡವರು ಇಬ್ಬರಿರಬೇಕು. ಒಬ್ಬರು ರೋಗಿಯ ಜೊತೆ ಮಾತಾಡಲು, ಇನ್ನೊಬ್ಬರ ಕೆಲಸ ಮಗುವನ್ನು ನೋಡಿಕೊಳ್ಳುವುದಷ್ಟೇ. ಅತ್ತರೆ, ಹೆದರಿದರೆ, ತಕ್ಷಣ ಹೊರಗೆ ಕರೆದೊಯ್ಯಬೇಕು. ಒಬ್ಬರೇ ಹೋದಾಗ ರೋಗಿಗೆ ವಾಂತಿ ಬಂತೋ ಡಾಕ್ಟರು ಕರೆದರೋ ಮಗು ಯಾರ ಕೈಗೂ ಇಲ್ಲದಂತಾಗುತ್ತದೆ. ಬಹುಪಾಲು ಅವಘಡ ಆಗುವುದು ಆ ಎರಡು ನಿಮಿಷದಲ್ಲೇ.

ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈ ಶುಚಿ ಮಾಡಬೇಕು. ಬಾಗಿಲಲ್ಲಿರುವ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಬೆರಳ ಸಂದಿ, ಉಗುರ ತುದಿ ಎಲ್ಲ ಒಣಗುವವರೆಗೆ ಉಜ್ಜಬೇಕು. ಸೋಪು-ನೀರಾದರೆ ಒಟ್ಟು 40ರಿಂದ 60 ಸೆಕೆಂಡು. ಭೇದಿ ರೋಗಿಗಳಿರುವ ಕಡೆಯಿಂದ ಬಂದರೆ ಸೋಪು-ನೀರೇ ಬೇಕು. ಭೇದಿ ತರುವ ಕೆಲವು ವೈರಾಣುಗಳು, ಕೆಲವು ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದೊಳಗೆ ಅಡಗಿ ಬದುಕುವ ರೂಪ) ಸ್ಯಾನಿಟೈಸರಿಗೆ ಸಾಯುವುದಿಲ್ಲ. ಮಾಸ್ಕ್ ಎರಡು ವರ್ಷದೊಳಗಿನ ಮಗುವಿಗೆ ಹಾಕಲೇಬಾರದು, ಉಸಿರು ಕಟ್ಟಿದರೆ ತೆಗೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಐದರೊಳಗಿನವರು ಸರಿಯಾಗಿ ಹಾಕಿಕೊಂಡಿರುವುದೂ ಕಷ್ಟ. ಮಾಸ್ಕ್ ಇಲ್ಲದೆ ಹೋಗಬಾರದಂಥ ವಾರ್ಡಿಗೆ ಅಷ್ಟು ಸಣ್ಣವರನ್ನು ಒಯ್ಯದಿರುವುದೇ ಸರಿ.

ಮಂಚದ ಸುತ್ತ ಮಗುವಿನ ಎತ್ತರಕ್ಕೆ ಏನೇನಿದೆ ಎಂದು ಬಗ್ಗಿ ನೋಡಿ. ಮಂಚದ ಕಾಲಿನ ಕಡೆ, ತಲೆಭಾಗ ಏರಿಸಿ ಇಳಿಸುವ ಕಬ್ಬಿಣದ ಹ್ಯಾಂಡಲ್ ಹೊರಗೆ ಚಾಚಿಕೊಂಡಿರುತ್ತದೆ. ಓಡುವ ಮಗುವಿನ ಹಣೆಗೋ ಮೊಣಕಾಲಿಗೋ ಅದು ಬಡಿಯುತ್ತದೆ. ಪಕ್ಕದ ಕಂಬಿ ಇಳಿಸುವಾಗ ಬೆರಳು ಸಿಗುತ್ತದೆ. ಮೂತ್ರದ ಚೀಲ ಯಾವಾಗಲೂ ರೋಗಿಯ ಹೊಟ್ಟೆಗಿಂತ ಕೆಳಗೆ, ಆದರೆ ನೆಲ ಮುಟ್ಟದಂತೆ ತೂಗಬೇಕು. ಮಗು ಅದನ್ನೆತ್ತಿ ಮಂಚದ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಡ್ರಿಪ್ಪಿನ ಪೈಪಿನ ನಡುವಿರುವ ಗಾಲಿ ಹನಿಯ ವೇಗ ನಿಯಂತ್ರಿಸುವುದು. ಬೆರಳಿಟ್ಟು ಉರುಳಿಸಲು ಮಕ್ಕಳಿಗೆ ಅದಕ್ಕಿಂತ ಚಂದದ ಆಟಿಕೆ ಇಲ್ಲ. ಹಾಗೆ ಉರುಳಿಸಿದರೆ ಗಂಟೆಗಟ್ಟಲೆ ಹೋಗಬೇಕಾದ ಔಷಧಿ ನಿಮಿಷಗಳಲ್ಲಿ ಹೋಗಿಬಿಡಬಹುದು. ಬಾಟ್ಲಿ ಖಾಲಿಯಾದಾಗ ಪೈಪಿನಲ್ಲಿ ಸ್ವಲ್ಪ ರಕ್ತ ಹಿಂದಕ್ಕೆ ಏರುತ್ತದೆ. ನೋಡಲು ಗಾಬರಿ, ಸಿಸ್ಟರ್‌ಗೆ ಹೇಳಿದರೆ ಸರಿಮಾಡುತ್ತಾರೆ. ಮಾನಿಟರ್ ಜೋರಾಗಿ ಕೂಗಿದರೆ ಎಷ್ಟೋ ಸಲ ಕಾರಣ ಬೆರಳಿನ ಕ್ಲಿಪ್ಪು ಜಾರಿರುವುದೇ ಆಗಿರುತ್ತದೆ. ಮಗುವಿನ ಎದುರಿಗೆ ನೀವು ಕಿರುಚಬೇಡಿ.

ಇನ್ನು ಬಣ್ಣದ ಡಬ್ಬಿಗಳು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿಯದರಲ್ಲಿ ರಕ್ತ-ಕೀವಿನ ಹತ್ತಿ, ಬ್ಯಾಂಡೇಜು. ಕೆಂಪಿನಲ್ಲಿ ಬಳಸಿದ ಪೈಪು, ಸೂಜಿ ತೆಗೆದ ಸಿರಿಂಜು. ಬಿಳಿ ಡಬ್ಬಿಯಲ್ಲಿ ಸೂಜಿ, ಬ್ಲೇಡು. ನೀಲಿಯಲ್ಲಿ ಗಾಜಿನ ಬಾಟ್ಲಿ. ಆಡಲಿ ಎಂದು ಬಳಸಿದ ಸಿರಿಂಜನ್ನು ತೊಳೆದು ಮಗುವಿಗೆ ಕೊಡುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ಬಿಡಿ.

ಸೂಜಿ ಚುಚ್ಚಿಬಿಟ್ಟರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಿಂದ ಚೀಪಬೇಡಿ, ಅರಿಶಿನ ಮೆತ್ತಬೇಡಿ. ಬೈಸಿಕೊಳ್ಳಬೇಕಾದೀತು ಎಂದು ಮುಚ್ಚಿಡದೆ ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ಅವರಿಗೆ ಅನಿಸಿದರೆ ಅದನ್ನು ಎರಡು ಗಂಟೆಯೊಳಗೆ ಶುರುಮಾಡುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್-ಬಿ ಲಸಿಕೆಯ ವಿವರ ಇರುವ ತಾಯಿ ಕಾರ್ಡು ಆಗ ಬೇಕಾಗುತ್ತದೆ. ಕೈಯಲ್ಲಿಲ್ಲದಿದ್ದರೆ ಮನೆಯಿಂದ ಫೋಟೋ ತರಿಸಿ.

ಬಾಣಂತಿ ವಾರ್ಡು

ಹಿರಿಯ ಮಗುವಿಗೆ ತಮ್ಮನನ್ನೋ ತಂಗಿಯನ್ನೋ ತೋರಿಸುವ ಆಸೆ ಎಲ್ಲರಿಗೂ. ಮಗು ಆರೋಗ್ಯವಾಗಿದ್ದು ವಾರ್ಡಿನವರು ಒಪ್ಪಿದರೆ ತೋರಿಸಬಹುದು. ಅದು ಒಳಬರುವ ಹೊತ್ತಿಗೆ ಕೂಸು ತಾಯಿಯ ತೋಳಿನಲ್ಲಿರದೆ ಪಕ್ಕದಲ್ಲಿ ಮಲಗಿರಲಿ. ಎರಡು ದಿನದಿಂದ ಅಮ್ಮನನ್ನು ಕಾಣದ ಮಗುವಿಗೆ ಮೊದಲು ಬೇಕಿರುವುದು ಅಮ್ಮನ ಖಾಲಿ ಕೈಗಳು. ಸಿಸೇರಿಯನ್ ಆಗಿದ್ದರೆ ಮಗುವನ್ನು ಹೊಟ್ಟೆಯ ಮೇಲಲ್ಲ, ಪಕ್ಕಕ್ಕೆ ಕೂರಿಸಿ. ಕೂಸಿನ ಪಾದ ಮುಟ್ಟಲಿ, ಮುಖಕ್ಕೆ ಮುತ್ತು ಬೇಡ. ಅವಧಿಗೆ ಮುಂಚೆ ಹುಟ್ಟಿ ಬೆಚ್ಚಗಿನ ಪೆಟ್ಟಿಗೆಯಲ್ಲಿರುವ ಕೂಸುಗಳ ಘಟಕಕ್ಕೆ ಮಕ್ಕಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಅಲ್ಲಿ ವಾದಿಸಬೇಡಿ, ನೆಗಡಿಯ ವೈರಾಣು ಕೂಡ ಆ ಕೂಸುಗಳಿಗೆ ಪ್ರಾಣಾಪಾಯ ತರಬಹುದು.

ಗೇಟಿನಲ್ಲಿ ಬಿಡದಿದ್ದರೆ

ಸೆಕ್ಯುರಿಟಿಯವರಿಗೆ ನಿಯಮ ಸಡಿಲಿಸುವ ಅಧಿಕಾರವಿಲ್ಲ, ಅವರ ಜೊತೆ ಜಗಳ ವ್ಯರ್ಥ. ಕೇಳಬೇಕಾದದ್ದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅಥವಾ ಡ್ಯೂಟಿ ಡಾಕ್ಟರನ್ನು, ಅದೂ ಮಗುವನ್ನು ಬಸ್ಸು ಹತ್ತಿಸುವ ಮುಂಚೆ. ಬೆಳಗಿನ ರೌಂಡ್ಸ್ ಮುಗಿದ ಮೇಲೆ ಜೊತೆಗಿರುವವರು ಹೋಗಿ ನಾಲ್ಕು ವಿವರ ಹೇಳಲಿ: ಮಗುವಿನ ವಯಸ್ಸು, ರೋಗಿಗೆ ಏನಾಗಬೇಕು, ಜ್ವರ-ಕೆಮ್ಮು ಇಲ್ಲ, ಹತ್ತು ನಿಮಿಷ ಸಾಕು. ಒಪ್ಪಿದರೆ ಯಾರ ಹೆಸರು ಹೇಳಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿಟ್ಟುಕೊಳ್ಳಿ. ಗೇಟಿನಲ್ಲಿ ತೋರಿಸಲು ಚೀಟಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಒಪ್ಪದಿದ್ದರೆ ಇನ್ನೊಂದು ದಾರಿ: ರೋಗಿ ಕೂರಬಲ್ಲವರಾದರೆ, ವೈದ್ಯರ ಒಪ್ಪಿಗೆ ಪಡೆದು ವೀಲ್‌ಚೇರಿನಲ್ಲಿ ಕೆಳಗಿನ ವರಾಂಡಕ್ಕೋ ಆವರಣದ ಮರದ ನೆರಳಿಗೋ ಕರೆತನ್ನಿ. ತೆರೆದ ಗಾಳಿಯಲ್ಲಿ ಸೋಂಕಿನ ಭಯವೂ ಕಡಿಮೆ, ಮಗುವಿಗೆ ಟ್ಯೂಬು-ಯಂತ್ರಗಳ ಗಾಬರಿಯೂ ಇಲ್ಲ. ಸಾಧ್ಯವಿದ್ದಲ್ಲೆಲ್ಲ ವಾರ್ಡಿನ ಭೇಟಿಗಿಂತ ಇದೇ ಮೇಲು. ಅದೂ ಆಗದಿದ್ದರೆ ವಿಡಿಯೋ ಕಾಲ್, ದಿನಾ ಒಂದೇ ಹೊತ್ತಿಗೆ, ಐದು ನಿಮಿಷ.

ಮನೆಗೆ ಬಂದ ಮೇಲೆ

ಚಪ್ಪಲಿ ಹೊರಗೆ, ಕೈಕಾಲು ಮುಖ ಸೋಪಿನಲ್ಲಿ, ಬಟ್ಟೆ ಬದಲು. ಸ್ನಾನ ಮಾಡಿಸಿದರೆ ಒಳ್ಳೆಯದೇ. ದೃಷ್ಟಿ ತೆಗೆಯುವವರು ತೆಗೆಯಲಿ, ಕೈ ತೊಳೆದ ಮೇಲೆ. ಜೊತೆಗೆ ಒಯ್ದ ಮೊಬೈಲನ್ನೂ ಒರೆಸಿ. ವಾರ್ಡಿನಲ್ಲಿ ಹತ್ತು ಜನರ ಕೈಗೆ ಹೋಗಿ ಬಂದ ಅದು ಮನೆ ಸೇರಿದ ಕೂಡಲೇ ಮಗುವಿನ ಕೈ ಸೇರುತ್ತದೆ.

ಆ ರಾತ್ರಿ ಅಥವಾ ಮರುದಿನ ಮಗು ಆಸ್ಪತ್ರೆ ಆಟ ಆಡಿದರೆ, ಗೊಂಬೆಗೆ ದಾರ ಕಟ್ಟಿ ಡ್ರಿಪ್ ಹಾಕಿದರೆ, ತಡೆಯಬೇಡಿ. ಕಂಡದ್ದನ್ನು ಅರಗಿಸಿಕೊಳ್ಳುವ ಬಗೆ ಅದು. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ. ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು ಕೆಲವು ವಾರ ಕಳೆದರೂ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ವಾಂತಿಭೇದಿ ತಗಲಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ, ಫ್ಲೂ ಒಂದರಿಂದ ನಾಲ್ಕು ದಿನದಲ್ಲಿ, ದಡಾರವಾದರೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಮಗುವಿಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತಿನಲ್ಲೇ "ಇಂಥ ದಿನ, ಇಂಥ ವಾರ್ಡಿಗೆ ಹೋಗಿತ್ತು" ಎಂದು ಹೇಳಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಬೆಳಗಾಗಲಿ ಎಂದು ಕಾಯಬೇಡಿ. ಯಾವ ವಯಸ್ಸಿನ ಮಗುವೇ ಆಗಲಿ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು-ನೀರು ಬಿಟ್ಟಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ 108ಕ್ಕೆ ಕರೆ ಮಾಡಿ.